ಅಣುಗಳಿಗೆ ಹಚ್ಚಿದ ಗುರುತು

ಮನೆಯಲ್ಲಿ ಅಜ್ಜನ ಕಾಲದ ಪಂಚೆಯೋ ಹೊದಿಕೆಯೋ ಉಳಿದಿದ್ದರೆ ಅದರ ಅಂಚನ್ನು ಒಮ್ಮೆ ನೋಡಿ. ಮೂಲೆಯಲ್ಲಿ ಎರಡು ಚುಕ್ಕೆ, ಒಂದು ಗೀಟು, ಹೀಗೆ ಏನಾದರೊಂದು ಕಪ್ಪು ಗುರುತು ಕಂಡೀತು. ಹಿಂದೆ ಮಡಿವಾಳರು ಕೇರುಬೀಜದ ರಸದಿಂದ ಹಾಕುತ್ತಿದ್ದ ಗುರುತು ಅದು. ಹತ್ತಾರು ಮನೆಗಳ ಬಟ್ಟೆ ಒಂದೇ ಕಡೆ ಬೆಂದು, ಒಗೆಸಿಕೊಂಡು, ಒಣಗಿ ಬಂದರೂ ನಿಮ್ಮ ಪಂಚೆ ನಿಮ್ಮ ಮನೆಗೇ ಬರುತ್ತಿತ್ತು. ಆ ಗುರುತಿಗೆ ಮೂರು ಶರತ್ತುಗಳಿದ್ದವು. ಒಂದು, ಅದು ಕಾಣಬೇಕು. ಎರಡು, ಅದು ಬಿಟ್ಟುಹೋಗಿ ಪಕ್ಕದ ಬಟ್ಟೆಗೆ ಅಂಟಬಾರದು. ಮೂರು, ಅದು ಬಟ್ಟೆಯನ್ನು ಕೆಡಿಸಬಾರದು.

ಜೀವಕೋಶದೊಳಗಿನ ಪರಿಸ್ಥಿತಿಯೂ ಮಡಿವಾಳರ ಕಟ್ಟೆಯಂತೆಯೇ ಇದೆ. ಇ. ಕೋಲಿ ಎಂಬ ಒಂದು ಸಾಮಾನ್ಯ ಬ್ಯಾಕ್ಟೀರಿಯದಲ್ಲಿ ಸುಮಾರು 30 ಲಕ್ಷ ಪ್ರೋಟೀನ್ ಅಣುಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಬಣ್ಣವಿಲ್ಲ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅವು ಬಿಡಿಬಿಡಿಯಾಗಿ ಕಾಣುವುದೂ ಇಲ್ಲ. ಈ ಗುಂಪಿನಲ್ಲಿ ಒಂದು ಬಗೆಯ ಪ್ರೋಟೀನನ್ನು ಅಥವಾ ಒಂದು ತುಂಡು ಡಿಎನ್‌ಎಯನ್ನು ಹಿಂಬಾಲಿಸಬೇಕಾದರೆ ಅದಕ್ಕೊಂದು ಗುರುತು ಬೇಕು. ಕಳೆದ ನೂರು ವರ್ಷಗಳ ಜೀವವಿಜ್ಞಾನದ ಅನೇಕ ದೊಡ್ಡ ತೀರ್ಮಾನಗಳು ಇಂಥ ಗುರುತುಗಳನ್ನು ನಂಬಿ ಕೈಗೊಂಡವು. ಭೌತವಿಜ್ಞಾನ ಕಲಿಸುವ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿಸಿದ್ದು ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ: "ಸರ್, ಗುರುತು ಹಾಕಿದ ಮೇಲೂ ಅದು ಮೊದಲಿನಂತೆಯೇ ನಡೆದುಕೊಳ್ಳುತ್ತದೆ ಎಂದು ಹೇಗೆ ಹೇಳುತ್ತೀರಿ?" ಆಕೆ ಕೇಳಿದ್ದು ಮೂರನೆಯ ಶರತ್ತನ್ನು ಕುರಿತು. ಈ ಲೇಖನವನ್ನು ಅದಕ್ಕೆ ಉತ್ತರವೆಂದು ತಿಳಿಯಿರಿ.

ಸೋಲಿನಿಂದ ಹುಟ್ಟಿದ ವಿಧಾನ

ಹಂಗರಿಯ ತರುಣ ಜಾರ್ಜ್ ಡಿ ಹೆವೆಸಿ 1911ರಲ್ಲಿ ಮ್ಯಾಂಚೆಸ್ಟರಿಗೆ ಬಂದು ರುದರ್‌ಫರ್ಡ್ ಅವರ ಪ್ರಯೋಗಾಲಯ ಸೇರಿದ. ಅವನಿಗೆ ಸಿಕ್ಕ ಕೆಲಸ ಸರಳವಾಗಿ ಕಾಣುತ್ತಿತ್ತು. ರೇಡಿಯಂ-ಡಿ ಎಂಬ ವಿಕಿರಣಪಟು ವಸ್ತು ಸೀಸದೊಂದಿಗೆ ಬೆರೆತಿತ್ತು. ಅದನ್ನು ಸೀಸದಿಂದ ಬೇರ್ಪಡಿಸಿ ಕೊಡಬೇಕಿತ್ತು. ಗೊತ್ತಿದ್ದ ರಾಸಾಯನಿಕ ವಿಧಾನಗಳನ್ನೆಲ್ಲ ಪ್ರಯೋಗಿಸಿದರೂ ಅದು ಸಾಧ್ಯವಾಗಲಿಲ್ಲ. ಸಾಧ್ಯವಾಗುವಂತೆಯೂ ಇರಲಿಲ್ಲ. ರೇಡಿಯಂ-ಡಿ ಎಂಬುದು ಸೀಸವೇ, ಸೀಸ-210 ಎಂಬ ಸಮಸ್ಥಾನಿ. ಒಂದೇ ಧಾತುವಿನ ಸಮಸ್ಥಾನಿಗಳು ರಾಸಾಯನಿಕವಾಗಿ ಒಂದೇ ರೀತಿ ವರ್ತಿಸುತ್ತವೆ ಎಂಬ ಮಾತು ಸ್ಪಷ್ಟವಾದದ್ದು 1913ರಲ್ಲಿ, ಫ್ರೆಡರಿಕ್ ಸಾಡಿ ಅವರಿಂದ.

ಹೆವೆಸಿ ತನ್ನ ಸೋಲನ್ನೇ ತಿರುಗಿಸಿ ನೋಡಿದ. ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲವೆಂದಾದರೆ, ಸಾಮಾನ್ಯ ಸೀಸಕ್ಕೆ ಒಂದಿಷ್ಟು ರೇಡಿಯಂ-ಡಿ ಬೆರೆಸಿಬಿಟ್ಟರೆ ಸೀಸ ಹೋದಲ್ಲೆಲ್ಲ ಅದೂ ಹೋಗಲೇಬೇಕು. ಅದು ಹೊರಸೂಸುವ ವಿಕಿರಣವನ್ನು ಅಳೆದರೆ ಸೀಸ ಎಲ್ಲಿದೆ, ಎಷ್ಟಿದೆ ಎಂಬುದು ತಿಳಿಯುತ್ತದೆ. 1913ರಲ್ಲಿ ವಿಯೆನ್ನಾದಲ್ಲಿ ಫ್ರೀಡ್ರಿಕ್ ಪಾನೆತ್ ಜೊತೆಗೂಡಿ ಅವನು ಈ ಉಪಾಯದಿಂದ ನೀರಿನಲ್ಲಿ ಬಹಳ ಕಡಿಮೆ ಕರಗುವ ಸೀಸದ ಲವಣಗಳ ಕರಗುವಿಕೆಯನ್ನು ಅಳೆದ.

ಮ್ಯಾಂಚೆಸ್ಟರಿನ ದಿನಗಳ ಒಂದು ಪ್ರಸಂಗವನ್ನು ಹೆವೆಸಿ ಮುಂದೆ ಹೇಳಿಕೊಳ್ಳುತ್ತಿದ್ದರು. ಊಟದ ಮನೆಯಲ್ಲಿ ಉಳಿದ ಮಾಂಸವನ್ನೇ ಮರುದಿನಗಳಲ್ಲಿ ಬೇರೆ ಅಡುಗೆಯ ರೂಪದಲ್ಲಿ ಬಡಿಸುತ್ತಾರೆಂಬ ಗುಮಾನಿ ಅವರಿಗಿತ್ತು. ಒಂದು ದಿನ ತಟ್ಟೆಯಲ್ಲಿ ಉಳಿಸಿದ ಆಹಾರಕ್ಕೆ ಅತ್ಯಲ್ಪ ವಿಕಿರಣಪಟು ವಸ್ತುವನ್ನು ಬೆರೆಸಿದರು. ಕೆಲವು ದಿನಗಳ ನಂತರ ಬಡಿಸಿದ ತಿನಿಸಿನ ಮುಂದೆ ವಿದ್ಯುದ್ದರ್ಶಕ ಇಟ್ಟಾಗ ಗುಟ್ಟು ಬಯಲಾಯಿತು. ಈಗ ಯಾರೂ ಇಂಥ ಪ್ರಯೋಗ ಮಾಡಕೂಡದು. ಆದರೆ ಗುರುತಿನ ತತ್ತ್ವವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

1923ರಲ್ಲಿ ಹೆವೆಸಿ ಸೀಸದ ಇನ್ನೊಂದು ವಿಕಿರಣಪಟು ಸಮಸ್ಥಾನಿ ಬೆರೆಸಿದ ದ್ರಾವಣದಲ್ಲಿ ಅವರೆ ಜಾತಿಯ ಗಿಡಗಳ ಬೇರು ಅದ್ದಿ, ಸೀಸ ಬೇರಿನಿಂದ ಎಲೆಗೆ ಹೋಗುವುದನ್ನು ಅಳೆದರು. ಸೀಸ ಗಿಡಕ್ಕೆ ವಿಷ. ಆದರೆ ವಿಕಿರಣವನ್ನು ಅತಿ ಸೂಕ್ಷ್ಮವಾಗಿ ಅಳೆಯಬಹುದಾದ್ದರಿಂದ ಗಿಡಕ್ಕೆ ತೊಂದರೆಯಾಗದಷ್ಟು ಅಲ್ಪ ಪ್ರಮಾಣವೇ ಸಾಕಾಯಿತು. ಮೊದಲನೆಯ ಶರತ್ತು ಚೆನ್ನಾಗಿ ಈಡೇರಿದರೆ ಮೂರನೆಯದನ್ನು ಈಡೇರಿಸುವುದು ಸುಲಭವಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಿ.

ಜೀವಿಗಳಲ್ಲಿ ಸೀಸಕ್ಕೆ ಕೆಲಸವಿಲ್ಲ. ಜೀವಧಾತುಗಳ ಸಮಸ್ಥಾನಿಗಳು ಬೇಕಿದ್ದವು. 1934ರಲ್ಲಿ ಐರೀನ್ ಮತ್ತು ಫ್ರೆಡರಿಕ್ ಜೋಲಿಯೊ-ಕ್ಯೂರಿ ದಂಪತಿಗಳು ಕೃತಕ ವಿಕಿರಣಪಟುತ್ವವನ್ನು ಕಂಡುಹಿಡಿದಾಗ ಆ ದಾರಿ ತೆರೆಯಿತು. ಕೋಪನ್‌ಹೇಗನ್ನಿನಲ್ಲಿ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿದ್ದ ಹೆವೆಸಿ ಗಂಧಕದ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿ ರಂಜಕ-32 ತಯಾರಿಸಿದರು. 1935ರಲ್ಲಿ ಬೋರ್ ಅವರ 50ನೆಯ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಬಂದ 600 ಮಿಲಿಗ್ರಾಂ ರೇಡಿಯಂ ಇಂಥ ನ್ಯೂಟ್ರಾನುಗಳ ಮೂಲವಾಗಿ ಒದಗಿತು. ರಂಜಕ-32 ಉಣಿಸಿದ ಇಲಿಗಳ ಮೂಳೆಗಳಲ್ಲಿ ಆ ರಂಜಕ ಸೇರುತ್ತಲೂ ಹೊರಬರುತ್ತಲೂ ಇರುವುದು ಕಂಡುಬಂತು. ಗಟ್ಟಿಯಾದ ಮೂಳೆಯೂ ಸದಾ ಬದಲಾಗುತ್ತಿರುವ ವಸ್ತುವೆಂದಾಯಿತು. 1943ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಹೆವೆಸಿ ಅವರಿಗೆ ಸಂದಿತು.

ನಮ್ಮ ಪ್ರೋಟೀನುಗಳು ನಮ್ಮವಾಗಿ ಉಳಿಯುವುದಿಲ್ಲ

ಹರಾಲ್ಡ್ ಯೂರಿ 1931ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಭಾರಜಲಜನಕವನ್ನು ಪತ್ತೆಮಾಡಿದ್ದರು. ಜರ್ಮನಿಯಲ್ಲಿ ಹಿಟ್ಲರನ ಆಡಳಿತ ಬಂದಾಗ ಯಹೂದಿ ಮೂಲದ ರುಡಾಲ್ಫ್ ಶೋನ್‌ಹೈಮರ್ 1933ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಬಂದರು. ಯೂರಿಯ ಶಿಷ್ಯ ಡೇವಿಡ್ ರಿಟೆನ್‌ಬರ್ಗ್ ಅವರ ಜೊತೆಯಾದರು. ಇವರು ಆರಿಸಿಕೊಂಡದ್ದು ವಿಕಿರಣ ಸೂಸದ, ತೂಕದಲ್ಲಿ ಮಾತ್ರ ವ್ಯತ್ಯಾಸವಿರುವ ಸಮಸ್ಥಾನಿಗಳನ್ನು.

ಇಲ್ಲಿ ಎರಡನೆಯ ಶರತ್ತು ಎದುರಾಯಿತು. ಆಮ್ಲಜನಕಕ್ಕೋ ಸಾರಜನಕಕ್ಕೋ ಅಂಟಿಕೊಂಡ ಜಲಜನಕದ ಪರಮಾಣು ನೀರಿನಲ್ಲಿರುವ ಜಲಜನಕದೊಂದಿಗೆ ಸುಲಭವಾಗಿ ಅದಲುಬದಲಾಗುತ್ತದೆ. ಅಂದರೆ ಗುರುತು ಬಿಟ್ಟುಹೋಗುತ್ತದೆ. ಇಂಗಾಲಕ್ಕೆ ಅಂಟಿಕೊಂಡದ್ದು ಹೆಚ್ಚಿನ ಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಭಾರಜಲಜನಕವನ್ನು ಇಂಗಾಲಕ್ಕೇ ಅಂಟಿಸಬೇಕಾಗಿತ್ತು. ಪ್ರೋಟೀನುಗಳ ಅಧ್ಯಯನಕ್ಕೆ ಅವರು ಸಾರಜನಕ-15 ಇರುವ ಅಮೈನೋ ಆಮ್ಲಗಳನ್ನು ತಯಾರಿಸಿದರು.

ಬೆಳೆದ ಜೀವಿಯ ದೇಹವನ್ನು ಅಲ್ಲಿಯವರೆಗೆ ಒಂದು ಎಂಜಿನ್ನಿನಂತೆ ಭಾವಿಸಲಾಗಿತ್ತು. ಆಹಾರವು ಇಂಧನ, ದೇಹದ ಕಟ್ಟಡ ಬಹುಮಟ್ಟಿಗೆ ಸ್ಥಿರ, ಸವೆತ ತುಂಬಲು ಸ್ವಲ್ಪ ಪ್ರೋಟೀನು ಸಾಕು ಎಂದು. 1939ರಲ್ಲಿ ಶೋನ್‌ಹೈಮರ್ ತಂಡ ಸಾರಜನಕ-15 ಇದ್ದ ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಬೆಳೆದ ಇಲಿಗಳಿಗೆ ಉಣಿಸಿತು. ಗುರುತಿನ ಸಾರಜನಕದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಕೆಲವೇ ದಿನಗಳಲ್ಲಿ ಇಲಿಯ ಪ್ರೋಟೀನುಗಳಲ್ಲಿ ಸೇರಿಹೋಗಿತ್ತು. ಇಲಿಯ ತೂಕ ಹೆಚ್ಚಿರಲಿಲ್ಲ. ಹಾಗಾದರೆ ಅಷ್ಟೇ ಹಳೆಯ ಪ್ರೋಟೀನು ಒಡೆದುಹೋಗಿರಬೇಕು. ದೇಹದ ಪ್ರೋಟೀನು ಸದಾ ಕಟ್ಟುತ್ತ, ಒಡೆಯುತ್ತ ಇರುವ ವಸ್ತು ಎಂಬ ಇಂದಿನ ತಿಳಿವಳಿಕೆಗೆ ಅಡಿಪಾಯ ಇದೇ. ಶೋನ್‌ಹೈಮರ್ 1941ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರ ಉಪನ್ಯಾಸಗಳು ಮರುವರ್ಷ ಪುಸ್ತಕವಾಗಿ ಬಂದವು.

ರಂಜಕವೂ ಗಂಧಕವೂ

ಈಗ ದ್ವಿತೀಯ ಪಿಯುಸಿ ಜೀವವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದ ಪ್ರಯೋಗಕ್ಕೆ ಬರೋಣ. 1952ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ಆಲ್ಫ್ರೆಡ್ ಹರ್ಷಿ ಮತ್ತು ಮಾರ್ಥಾ ಚೇಸ್ ಒಂದು ಪ್ರಶ್ನೆ ಎತ್ತಿಕೊಂಡರು. ಬ್ಯಾಕ್ಟೀರಿಯಕ್ಕೆ ತಗಲುವ ಟಿ2 ಎಂಬ ವೈರಸ್ಸಿನಲ್ಲಿ ಇರುವುದು ಪ್ರೋಟೀನು ಮತ್ತು ಡಿಎನ್‌ಎ ಎರಡೇ. ಬ್ಯಾಕ್ಟೀರಿಯದ ಒಳಹೊಕ್ಕು ಹೊಸ ವೈರಸ್ಸುಗಳನ್ನು ಹುಟ್ಟಿಸುವುದು ಇವುಗಳಲ್ಲಿ ಯಾವುದು?

ಅವರ ಜಾಣತನವಿದ್ದದ್ದು ಗುರುತಿನ ಆಯ್ಕೆಯಲ್ಲಿ. ಡಿಎನ್‌ಎಯ ಬೆನ್ನೆಲುಬಿನಲ್ಲಿ ರಂಜಕವಿದೆ, ಗಂಧಕವಿಲ್ಲ. ವೈರಸ್ಸಿನ ಪ್ರೋಟೀನಿನಲ್ಲಿ ಗಂಧಕವಿದೆ, ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ರಂಜಕ-32 ಡಿಎನ್‌ಎಯ ಗುರುತು, ಗಂಧಕ-35 ಪ್ರೋಟೀನಿನ ಗುರುತು. ಹೊರಗಿನಿಂದ ಏನನ್ನೂ ಅಂಟಿಸಿಲ್ಲ. ಅಣುವಿನಲ್ಲಿ ಇರಲೇಬೇಕಾದ ಪರಮಾಣುವೇ ಗುರುತಾಗಿದೆ. ಎರಡೂ ಬೀಟಾ ಕಣಗಳನ್ನು ಸೂಸುತ್ತವೆ. ರಂಜಕ-32ರ ಕಣಗಳ ಗರಿಷ್ಠ ಶಕ್ತಿ 1.71 ಎಂಇವಿ, ಅರ್ಧಾಯು 14.3 ದಿನ. ಗಂಧಕ-35ರ ಗರಿಷ್ಠ ಶಕ್ತಿ 0.167 ಎಂಇವಿ, ಅರ್ಧಾಯು ಸುಮಾರು 87 ದಿನ.

ವೈರಸ್ ತಗುಲಿದ ಬ್ಯಾಕ್ಟೀರಿಯಗಳನ್ನು ಅಡುಗೆಮನೆಯ ಮಿಕ್ಸಿಯಂಥ ಯಂತ್ರದಲ್ಲಿ ತಿರುಗಿಸಿದಾಗ ಹೊರಗೆ ಅಂಟಿಕೊಂಡಿದ್ದ ಖಾಲಿ ಕವಚಗಳು ಕಳಚಿದವು. ಗಂಧಕ-35ರ ಸುಮಾರು 80 ಭಾಗ ಹೊರಗೆ ಬಂತು. ರಂಜಕ-32ರ ಹೆಚ್ಚಿನ ಭಾಗ ಬ್ಯಾಕ್ಟೀರಿಯದೊಳಗೇ ಉಳಿಯಿತು. ಗಂಧಕದ ಉಳಿದ 20 ಭಾಗವನ್ನು ಹರ್ಷಿ ಮುಚ್ಚಿಡಲಿಲ್ಲ. ತಮ್ಮ ತೀರ್ಮಾನವನ್ನು ಎಚ್ಚರಿಕೆಯಿಂದಲೇ ಬರೆದರು.

ಪಠ್ಯಪುಸ್ತಕದ ಚಿತ್ರ ಇಲ್ಲಿಗೆ ನಿಲ್ಲುತ್ತದೆ. ಆದರೆ ಇದಕ್ಕೆ ಒಂದು ವರ್ಷ ಮೊದಲು, 1951ರಲ್ಲಿ, ಹರ್ಷಿ ಮತ್ತು ಸಂಗಡಿಗರು ಇನ್ನೊಂದು ಸಂಗತಿಯನ್ನು ಪ್ರಕಟಿಸಿದ್ದರು. ರಂಜಕ-32 ಹೆಚ್ಚು ಪ್ರಮಾಣದಲ್ಲಿರುವ ವೈರಸ್ಸುಗಳನ್ನು ಸುಮ್ಮನೆ ಇಟ್ಟರೆ ದಿನ ಕಳೆದಂತೆ ಅವು ಸಾಯುತ್ತವೆ. ಕಾರಣ ಭೌತವಿಜ್ಞಾನದಲ್ಲಿದೆ. ಬೀಟಾ ಕಣ ಸೂಸಿದ ರಂಜಕ-32 ಗಂಧಕ-32 ಆಗಿಬಿಡುತ್ತದೆ. ಡಿಎನ್‌ಎ ಸರಪಳಿಯಲ್ಲಿ ರಂಜಕವಿದ್ದ ಕೊಂಡಿಯ ಜಾಗದಲ್ಲಿ ಬೇರೊಂದು ಧಾತು ಬಂದು ಕೂತರೆ ಸರಪಳಿ ತುಂಡಾಗುತ್ತದೆ. ಗುರುತು ತನ್ನನ್ನು ತೋರಿಸಿಕೊಳ್ಳುವ ಕ್ಷಣದಲ್ಲೇ ತಾನಿರುವ ಅಣುವನ್ನು ಮುರಿಯುತ್ತದೆ! ಹಾಗಾಗಿ ಗುರುತಿನ ಪ್ರಮಾಣವನ್ನು ಮಿತಿಯಲ್ಲಿಡುವುದು, ಪ್ರಯೋಗವನ್ನು ಬೇಗ ಮುಗಿಸುವುದು ಇಂಥ ಕೆಲಸದಲ್ಲಿ ಅಗತ್ಯ.

1958ರಲ್ಲಿ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಫ್ರಾಂಕ್ಲಿನ್ ಸ್ಟಾಲ್ ಕ್ಯಾಲಿಫೋರ್ನಿಯದ ಕಾಲ್ಟೆಕ್ ಸಂಸ್ಥೆಯಲ್ಲಿ ಡಿಎನ್‌ಎ ಪ್ರತಿಯಾಗುವ ಬಗೆಯನ್ನು ತೋರಿಸಲು ಶೋನ್‌ಹೈಮರ್ ಬಳಸಿದ ಸಾರಜನಕ-15ಕ್ಕೇ ಮರಳಿದರು. ಭಾರದ ಡಿಎನ್‌ಎಗೂ ಹಗುರ ಡಿಎನ್‌ಎಗೂ ಸಾಂದ್ರತೆಯ ವ್ಯತ್ಯಾಸ ಶೇಕಡ 1ಕ್ಕಿಂತ ಕಡಿಮೆ. ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅತಿವೇಗದ ಸೆಂಟ್ರಿಫ್ಯೂಜ್ ಬಳಸಿ ಆ ಸಣ್ಣ ವ್ಯತ್ಯಾಸವನ್ನು ಪಟ್ಟಿಗಳಾಗಿ ಕಾಣಿಸಿದರು. ಸಾರಜನಕ-15 ಸಿಡಿಯುವುದಿಲ್ಲ. ಬ್ಯಾಕ್ಟೀರಿಯಗಳು ಅದರಲ್ಲಿ ತಲೆಮಾರುಗಟ್ಟಲೆ ನಿರಾಯಾಸವಾಗಿ ಬೆಳೆಯುತ್ತವೆ.

ಹೊರಗಿನಿಂದ ಅಂಟಿಸಿದ ಗುರುತು

ಸಮಸ್ಥಾನಿಗಳ ಗುರುತಿಗೆ ಒಂದು ಮಿತಿಯಿದೆ. ಕೋಶದಲ್ಲಿನ ಸಾವಿರಾರು ಬಗೆಯ ಪ್ರೋಟೀನುಗಳಲ್ಲೆಲ್ಲ ಗಂಧಕವಿರುವಾಗ ಅವುಗಳಲ್ಲಿ ಒಂದನ್ನೇ ಆರಿಸುವುದು ಹೇಗೆ? ಹಾರ್ವರ್ಡಿನ ವೈದ್ಯ ಆಲ್ಬರ್ಟ್ ಕೂನ್ಸ್ ಇದಕ್ಕೆ ದೇಹದ ಪ್ರತಿಕಾಯಗಳನ್ನೇ ಬಳಸಿದರು. ಒಂದು ಪ್ರತಿಕಾಯ ತನಗೆ ಗೊತ್ತಿರುವ ಅಣುವಿಗೆ ಮಾತ್ರ ಅಂಟುತ್ತದೆ. ಅದಕ್ಕೆ ಪ್ರತಿದೀಪ್ತ ಬಣ್ಣವೊಂದನ್ನು ಜೋಡಿಸಿದರೆ ಅತಿನೇರಿಳೆ ಬೆಳಕಿನಲ್ಲಿ ಅದು ಅಂಟಿದ ಜಾಗ ಹೊಳೆಯುತ್ತದೆ. 1941ರಲ್ಲಿ ಅವರು ನ್ಯೂಮೋಕಾಕಸ್ ಬ್ಯಾಕ್ಟೀರಿಯಗಳನ್ನು ಹೀಗೆ ಹೊಳೆಯಿಸಿದರು. ಮೊದಲ ಬಣ್ಣ ನೀಲಿ. ಆದರೆ ಅಂಗಾಂಶಗಳು ತಾವೂ ನೀಲಿಯಾಗಿ ಹೊಳೆಯುವುದರಿಂದ ಗೊಂದಲವಾಯಿತು. ಆಮೇಲೆ ಹಸಿರು ಸೂಸುವ ಫ್ಲೂರೆಸೀನ್ ಬಳಕೆಗೆ ಬಂತು.

1945ರಲ್ಲಿ ಕೇಂಬ್ರಿಜ್‌ನ ಫ್ರೆಡರಿಕ್ ಸ್ಯಾಂಗರ್ ಪ್ರೋಟೀನ್ ಸರಪಳಿಯ ತುದಿಯ ಅಮೈನೋ ಆಮ್ಲಕ್ಕೆ ಹಳದಿ ಗುರುತು ಹಚ್ಚುವ ರಾಸಾಯನಿಕವನ್ನು ಬಳಸಿದರು. ಆಮೇಲೆ ಪ್ರೋಟೀನನ್ನು ಆಮ್ಲದಲ್ಲಿ ಒಡೆದು, ಹಳದಿಯಾಗಿರುವ ತುಂಡನ್ನು ಗುರುತಿಸಿದರೆ ತುದಿಯಲ್ಲಿದ್ದದ್ದು ಯಾವುದೆಂದು ತಿಳಿಯುತ್ತದೆ. ಇಲ್ಲಿ ಪ್ರೋಟೀನು ಉಳಿಯುವ ಪ್ರಶ್ನೆಯೇ ಇಲ್ಲ. ಉದ್ದೇಶವೇ ಬಿಚ್ಚಿ ನೋಡುವುದು. ಆದ್ದರಿಂದ ಮೂರನೆಯ ಶರತ್ತನ್ನು ಸಡಿಲಿಸಬಹುದಾಗಿತ್ತು. ಈ ಕೆಲಸ ಇನ್ಸುಲಿನ್ನಿನ ಪೂರ್ತಿ ಅನುಕ್ರಮಕ್ಕೆ ದಾರಿಯಾಗಿ 1958ರ ನೊಬೆಲ್ ತಂದಿತು. 1977ರಲ್ಲಿ ಅವರೇ ರಂಜಕ-32 ಬಳಸಿ ಡಿಎನ್‌ಎ ಅಕ್ಷರಗಳನ್ನು ಎಕ್ಸ್-ಕಿರಣದ ಫಿಲ್ಮಿನ ಮೇಲೆ ಓದುವ ವಿಧಾನವನ್ನು ಪ್ರಕಟಿಸಿದರು. ಅದಕ್ಕಾಗಿ 1980ರಲ್ಲಿ ಎರಡನೆಯ ನೊಬೆಲ್ ಬಂತು. 1986ರಲ್ಲಿ ಕಾಲ್ಟೆಕ್‌ನಲ್ಲಿ ರಂಜಕದ ಜಾಗಕ್ಕೆ ನಾಲ್ಕು ಪ್ರತಿದೀಪ್ತ ಬಣ್ಣಗಳು ಬಂದು, ಯಂತ್ರವೇ ಅಕ್ಷರಗಳನ್ನು ಓದತೊಡಗಿತು. ಮಾನವ ಜೀನೋಮ್ ಯೋಜನೆ ಸಾಧ್ಯವಾದದ್ದು ಈ ಬಣ್ಣಗಳಿಂದ.

ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ರೊಸಾಲಿನ್ ಯಾಲೊ ಮತ್ತು ವೈದ್ಯ ಸಾಲೊಮನ್ ಬರ್ಸನ್ ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ ಅಯೋಡೀನ್-131 ಜೋಡಿಸಿದ ಇನ್ಸುಲಿನ್ನನ್ನು ರೋಗಿಗಳಿಗೆ ಕೊಟ್ಟು, ರಕ್ತದಲ್ಲಿ ಅದು ಎಷ್ಟು ಹೊತ್ತು ಉಳಿಯುತ್ತದೆಂದು ಅಳೆದರು. ಮಧುಮೇಹಿಗಳಲ್ಲಿ ಅದು ಬೇಗ ನಾಶವಾಗುತ್ತದೆ ಎಂಬ ಊಹೆಯಿತ್ತು. ಕಂಡದ್ದು ಇದರ ವಿರುದ್ಧ. ಇನ್ಸುಲಿನ್ ಚುಚ್ಚಿಸಿಕೊಂಡಿದ್ದವರಲ್ಲಿ ಅದು ಹೆಚ್ಚು ಹೊತ್ತು ಉಳಿಯುತ್ತಿತ್ತು. ಅವರ ರಕ್ತದಲ್ಲಿ ಇನ್ಸುಲಿನ್ ವಿರುದ್ಧ ಪ್ರತಿಕಾಯಗಳು ಹುಟ್ಟಿವೆ ಎಂದು ಇಬ್ಬರೂ ತೀರ್ಮಾನಿಸಿದರು. ಅಷ್ಟು ಸಣ್ಣ ಅಣು ಪ್ರತಿಕಾಯ ಹುಟ್ಟಿಸಲಾರದು ಎಂಬುದು ಅಂದಿನ ನಂಬಿಕೆ. ಪ್ರಬಂಧ ಮೊದಲು ತಿರಸ್ಕೃತವಾಯಿತು. ಶೀರ್ಷಿಕೆಯಿಂದ 'ಪ್ರತಿಕಾಯ' ಎಂಬ ಪದ ಕೈಬಿಟ್ಟ ಮೇಲೆ 1956ರಲ್ಲಿ ಅಚ್ಚಾಯಿತು. ಇದೇ ಕೆಲಸದಿಂದ ರಕ್ತದಲ್ಲಿನ ಅತ್ಯಲ್ಪ ಹಾರ್ಮೋನುಗಳನ್ನು ಅಳೆಯುವ ವಿಧಾನ ಹುಟ್ಟಿತು. ಅಣುವಿಗೆ ಹೆಚ್ಚು ಅಯೋಡೀನ್ ಅಂಟಿಸಿದರೆ ಇನ್ಸುಲಿನ್ನಿನ ಗುಣವೇ ಕೆಡುತ್ತದೆ. ಆದ್ದರಿಂದ ಅಯೋಡೀನನ್ನು ಮಿತವಾಗಿ ಜೋಡಿಸುವುದು ಈ ವಿಧಾನದ ನಿಯಮವಾಯಿತು. ಬರ್ಸನ್ 1972ರಲ್ಲಿ ತೀರಿಕೊಂಡರು. 1977ರ ನೊಬೆಲ್ ಪ್ರಶಸ್ತಿಯಲ್ಲಿ ಯಾಲೊ ಅವರಿಗೆ ಪಾಲು ಸಿಕ್ಕಿತು.

ಹಸಿರು ಪ್ರೋಟೀನು ಮತ್ತು ಒಂದು ತಪ್ಪು ಚಿತ್ರ

ಒಸಾಮು ಶಿಮೊಮುರಾ 1962ರಲ್ಲಿ ಒಂದು ಜಾತಿಯ ಜೆಲ್ಲಿ ಮೀನಿನಿಂದ ಹಸಿರಾಗಿ ಹೊಳೆಯುವ ಪ್ರೋಟೀನನ್ನು ವರದಿಮಾಡಿದರು. 238 ಅಮೈನೋ ಆಮ್ಲಗಳ ಈ ಸರಪಳಿ ತಾನಾಗಿ ಮಡಿಚಿಕೊಂಡು ಬಣ್ಣ ಪಡೆಯುತ್ತದೆ. ನೀಲಿ ಬೆಳಕು ಬಿದ್ದರೆ ಸುಮಾರು 509 ನ್ಯಾನೊಮೀಟರ್ ತರಂಗದೂರದ ಹಸಿರು ಬೆಳಕು ಸೂಸುತ್ತದೆ. ಡಗ್ಲಸ್ ಪ್ರಾಶರ್ 1992ರಲ್ಲಿ ಇದರ ಜೀನನ್ನು ಪ್ರತ್ಯೇಕಿಸಿ ಪ್ರಕಟಿಸಿದರು. ಸಂಶೋಧನೆಗೆ ಹಣ ನಿಂತಾಗ ಆ ಜೀನನ್ನು ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ಚಿಯೆನ್ ಅವರಿಗೆ ಕೊಟ್ಟರು. ಚಾಲ್ಫಿ 1994ರಲ್ಲಿ ಅದನ್ನು ಬ್ಯಾಕ್ಟೀರಿಯ ಮತ್ತು ಹುಳುವಿನಲ್ಲಿ ಹೊಳೆಯಿಸಿದರು. ಚಿಯೆನ್ ಅದನ್ನು ಬಗೆಬಗೆಯ ಬಣ್ಣಗಳಿಗೆ ಮಾರ್ಪಡಿಸಿದರು. 2008ರ ನೊಬೆಲ್ ಶಿಮೊಮುರಾ, ಚಾಲ್ಫಿ, ಚಿಯೆನ್ ಅವರಿಗೆ ಬಂದಾಗ ಪ್ರಾಶರ್ ಅಲಬಾಮಾದ ಒಂದು ಕಾರು ಮಾರಾಟ ಮಳಿಗೆಯಲ್ಲಿ ಗ್ರಾಹಕರನ್ನು ಕರೆದೊಯ್ಯುವ ವಾಹನದ ಚಾಲಕರಾಗಿದ್ದರು.

ಈ ಗುರುತಿನ ಹಿರಿಮೆ ಏನು? ಹೊರಗಿನಿಂದ ಬಣ್ಣ ಹಚ್ಚಬೇಕಿಲ್ಲ. ನಿಮಗೆ ಬೇಕಾದ ಪ್ರೋಟೀನಿನ ಜೀನಿಗೆ ಇದರ ಜೀನನ್ನು ಹೊಲಿದರೆ ಕೋಶವೇ ಗುರುತಿನ ಸಮೇತ ಪ್ರೋಟೀನನ್ನು ಕಟ್ಟುತ್ತದೆ. ಕೋಶ ಬದುಕಿರುವಾಗಲೇ ನೋಡಬಹುದು. ಮೊದಲ ಎರಡು ಶರತ್ತುಗಳಲ್ಲಿ ಇದು ಎಲ್ಲವನ್ನೂ ಮೀರಿಸಿತು.

ಮೂರನೆಯದರ ಮಾತೇನು? ಈ ಗುರುತಿನ ಅಣುತೂಕ ಸುಮಾರು 27,000. ಇನ್ಸುಲಿನ್ನಿನದು 5,800. ಪಂಚೆಗಿಂತ ಗುರುತೇ ದೊಡ್ಡದು! ಸಾಲದ್ದಕ್ಕೆ ಮೂಲ ಹಸಿರು ಪ್ರೋಟೀನಿಗೆ ಪರಸ್ಪರ ಜೊತೆಗೂಡುವ ಸಣ್ಣ ಪ್ರವೃತ್ತಿಯೂ ಇದೆ.

ಕೋಲಿನಂತಿರುವ ಬ್ಯಾಕ್ಟೀರಿಯಗಳಿಗೆ ಆಕಾರ ಕೊಡುವ ಎಂಆರ್‌ಇಬಿ ಎಂಬ ಪ್ರೋಟೀನನ್ನೇ ನೋಡಿ. 2000ದ ದಶಕದಲ್ಲಿ ಪ್ರತಿದೀಪ್ತ ಚಿತ್ರಗಳನ್ನು ಆಧರಿಸಿ, ಇದು ಕೋಶದ ಉದ್ದಕ್ಕೂ ಸುರುಳಿಯಾಗಿ ಸುತ್ತಿಕೊಂಡಿದೆ ಎಂದು ನಂಬಲಾಯಿತು. ಬ್ಯಾಕ್ಟೀರಿಯದ ಆಕಾರ, ವರ್ಣತಂತುಗಳ ಹಂಚಿಕೆ, ಚಲನೆ ಇವುಗಳ ವಿವರಣೆಗಳು ಈ ಸುರುಳಿಯ ಮೇಲೆ ನಿಂತವು. 2012ರಲ್ಲಿ ಕಾಲ್ಟೆಕ್‌ನ ಮ್ಯಾಥ್ಯೂ ಸ್ವೂಲಿಯಸ್ ಮತ್ತು ಗ್ರ್ಯಾಂಟ್ ಜೆನ್ಸನ್ ಹೆಪ್ಪುಗಟ್ಟಿಸಿದ ಇ. ಕೋಲಿ ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೂರು ಆಯಾಮಗಳಲ್ಲಿ ಪರೀಕ್ಷಿಸಿದರು. ಪ್ರೋಟೀನಿನ ಮೊದಲ ತುದಿಗೆ ಹಳದಿ ಹೊಳೆಯುವ ಗುರುತು ಜೋಡಿಸಿದ್ದಾಗ ಸುರುಳಿಗಳು ನಿಜವಾಗಿಯೂ ಇದ್ದವು. ಗುರುತಿಲ್ಲದ ಪ್ರೋಟೀನನ್ನು ಅಷ್ಟೇ ಪ್ರಮಾಣದಲ್ಲಿ ತಯಾರಾಗಗೊಟ್ಟಾಗ ಸುರುಳಿಗಳಿರಲಿಲ್ಲ. ಬೇರೊಂದು ಗುರುತನ್ನು ಪ್ರೋಟೀನಿನ ಒಳಗಿನ ಒಂದು ಬಳುಕಿನಲ್ಲಿ ಸೇರಿಸಿದಾಗಲೂ ಇರಲಿಲ್ಲ. ಸೂಕ್ಷ್ಮದರ್ಶಕ ಸುಳ್ಳು ಹೇಳಿರಲಿಲ್ಲ. ಆ ಕೋಶಗಳಲ್ಲಿ ಸುರುಳಿಯನ್ನು ಕಟ್ಟಿದ್ದು ಅಂಟಿಸಿದ ಗುರುತು.

ಇದನ್ನು ವಿಜ್ಞಾನದ ಸೋಲೆಂದು ತಿಳಿಯಬೇಡಿ. ತಪ್ಪನ್ನು ಹಿಡಿದದ್ದೂ ವಿಜ್ಞಾನವೇ. ಹಿಡಿಯುವ ದಾರಿಯೂ ಈ ಪ್ರಸಂಗದಲ್ಲೇ ಇದೆ: ಗುರುತಿಲ್ಲದೆ ನೋಡು, ಗುರುತನ್ನು ಬೇರೆ ಕಡೆ ಇಟ್ಟು ನೋಡು, ಬೇರೆ ಜಾತಿಯ ಗುರುತಿನಿಂದ ನೋಡು. ಮೂರೂ ಒಂದೇ ಮಾತು ಹೇಳಿದರೆ ನಂಬಿಕೆ ಹೆಚ್ಚುತ್ತದೆ.

ಮತ್ತೆ ಸಣ್ಣದರ ಕಡೆಗೆ

ಈಚಿನ ವರ್ಷಗಳಲ್ಲಿ ಗುರುತುಗಳನ್ನು ಮತ್ತೆ ಚಿಕ್ಕದಾಗಿಸುವ ಪ್ರಯತ್ನ ನಡೆದಿದೆ. 2022ರ ರಸಾಯನವಿಜ್ಞಾನದ ನೊಬೆಲ್ ಪಡೆದ ಕ್ಯಾರೊಲಿನ್ ಬರ್ಟೋಜಿ, ಮಾರ್ಟೆನ್ ಮೆಲ್ಡಾಲ್, ಬ್ಯಾರಿ ಶಾರ್ಪ್‌ಲೆಸ್ ಅವರ ಕೆಲಸದಿಂದ ಮೂರೇ ಸಾರಜನಕ ಪರಮಾಣುಗಳ ಒಂದು ಗುಂಪನ್ನು ಅಣುವಿಗೆ ಕೊಕ್ಕೆಯಂತೆ ಸೇರಿಸಿ, ಬಣ್ಣವನ್ನು ಆಮೇಲೆ ಅದಕ್ಕೆ ಸಿಕ್ಕಿಸುವುದು ಸಾಧ್ಯವಾಗಿದೆ. 2002ರಿಂದೀಚೆಗೆ ಭಾರದ ಇಂಗಾಲ, ಸಾರಜನಕಗಳಿರುವ ಅಮೈನೋ ಆಮ್ಲಗಳಲ್ಲಿ ಕೋಶಗಳನ್ನು ಬೆಳೆಸಿ, ರಾಶಿ ರೋಹಿತಮಾಪಕದಿಂದ ಸಾವಿರಾರು ಪ್ರೋಟೀನುಗಳನ್ನು ಒಟ್ಟಿಗೆ ಹೋಲಿಸುವ ವಿಧಾನ ಬಳಕೆಯಲ್ಲಿದೆ. ಶೋನ್‌ಹೈಮರ್ ಇಂದು ಬಂದರೆ ಅದನ್ನು ಕೂಡಲೇ ಗುರುತಿಸಿಯಾರು.

ಹಾಗಾದರೆ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರವೇನು? ಗುರುತು ಹಾಕಿದ ಅಣು ಮೊದಲಿನಂತೆಯೇ ನಡೆದುಕೊಳ್ಳುತ್ತದೆ ಎಂದು ಮುಂಚಿತವಾಗಿ ಹೇಳಲಾಗದು. ಅದನ್ನು ಪ್ರತಿಸಲವೂ ಪರೀಕ್ಷಿಸಿಯೇ ಹೇಳಬೇಕು. ಜೀವಧಾತುವಿನ ಸಮಸ್ಥಾನಿ ಇಡೀ ಪ್ರೋಟೀನಿನಷ್ಟು ಕಾಡುವುದಿಲ್ಲ, ಆದರೆ ಅದಕ್ಕೂ ಮಿತಿಯಿದೆಯೆಂದು ರಂಜಕ-32 ತೋರಿಸಿಕೊಟ್ಟಿದೆ.

ಅಧ್ಯಾಪಕರಲ್ಲಿ ಒಂದು ವಿನಂತಿ. ಮುಂದಿನ ಸಲ ಹರ್ಷಿ-ಚೇಸ್ ಪ್ರಯೋಗವನ್ನು ಕರಿಹಲಗೆಯ ಮೇಲೆ ಬರೆಯುವಾಗ ತೀರ್ಮಾನವನ್ನು ಹೇಳುವ ಮೊದಲು ಐದು ನಿಮಿಷ ನಿಲ್ಲಿ. ರಂಜಕವನ್ನೇ ಏಕೆ, ಗಂಧಕವನ್ನೇ ಏಕೆ ಆರಿಸಿದರು ಎಂದು ಕೇಳಿ. ಇಂಗಾಲ-14 ಬಳಸಿದ್ದರೆ ಏನಾಗುತ್ತಿತ್ತು ಎಂದು ಕೇಳಿ. ಇಂಗಾಲ ಎರಡರಲ್ಲೂ ಇದೆಯೆಂದು ಮಕ್ಕಳೇ ಹೇಳುತ್ತಾರೆ. ಬಳಿಕ ಮಡಿವಾಳರ ಮೂರು ಶರತ್ತುಗಳನ್ನು ಪಕ್ಕದಲ್ಲಿ ಬರೆದು, ಈ ಗುರುತು ಯಾವುದರಲ್ಲಿ ತೇರ್ಗಡೆ, ಯಾವುದರಲ್ಲಿ ಅಲ್ಲ ಎಂದು ಅವರಿಂದಲೇ ಅಂಕ ಹಾಕಿಸಿ.